ಥಿಂಕ್ ಟ್ಯಾಂಕ್ ಅಂದ್ರೆ ನೀರಿನ ಟ್ಯಾಂಕ್ ಅಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಸಣ್ಣ ನೀತಿ ಸಂಶೋಧನಾ ಸಂಸ್ಥೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಮದುವೆ ಮನೆ, ರೈಲು, ಅಪಾರ್ಟ್‌ಮೆಂಟಿನ ಲಿಫ್ಟು, ಎಲ್ಲಿ ಹೋದರೂ ಜನ ಇವೇ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಥರ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುವುದು.

ಥಿಂಕ್ ಟ್ಯಾಂಕ್ ಅಂದ್ರೆ ಏನು ಸ್ವಾಮಿ?

ದಾವಣಗೆರೆಯ ನಮ್ಮ ಸೋದರತ್ತೆ ಮೊದಲ ಎರಡು ವರ್ಷ, ನಾನು ಮನೆ ಮೇಲೆ ಇಡುವ ಕಪ್ಪು ನೀರಿನ ಟ್ಯಾಂಕಿನ ಕಂಪನಿಯಲ್ಲಿದ್ದೇನೆ ಎಂದೇ ನೆಂಟರಿಗೆಲ್ಲ ಹೇಳಿದ್ದರು. ಒಬ್ಬರು ರಿಯಾಯಿತಿ ಸಿಗುತ್ತಾ ಅಂತ ಫೋನ್ ಕೂಡ ಮಾಡಿದ್ದರು.

ಪತ್ರಿಕೆಗಳಲ್ಲಿ ಇದನ್ನು ‘ಚಿಂತಕರ ಚಾವಡಿ’ ಎಂದು ಬರೆಯುತ್ತಾರೆ. ಚೆಂದದ ಹೆಸರು. ಆದರೆ ನಮ್ಮ ವಿಧಾನ ಪರಿಷತ್ತಿಗೂ ಅದೇ ಹೆಸರು ಇರುವುದರಿಂದ ಗೊಂದಲ ಜಾಸ್ತಿ. ಮೇಲಾಗಿ ಚಾವಡಿ ಅಂದ ಕೂಡಲೇ ಎಲೆ ಅಡಿಕೆ ಹಾಕಿಕೊಂಡು ಹರಟೆ ಹೊಡೆಯುವವರು ಕಣ್ಣ ಮುಂದೆ ಬರುತ್ತಾರೆ. ನಮ್ಮಲ್ಲಿ ಹರಟೆ ಇಲ್ಲ ಅಂತ ನಾನೇನೂ ಹೇಳಲ್ಲ.

ಕೆಲಸ ಇಷ್ಟು. ಸರ್ಕಾರ ಒಂದು ಕಾನೂನು ತರುತ್ತದೆ, ಇಲ್ಲಾ ಒಂದು ಯೋಜನೆ ಶುರು ಮಾಡುತ್ತದೆ. ಅದು ಊರಿಗೆ ಬಂದು ಮುಟ್ಟುವ ಹೊತ್ತಿಗೆ ಏನಾಯಿತು, ದುಡ್ಡು ಎಲ್ಲಿ ಹೋಯಿತು, ಇದಕ್ಕಿಂತ ಸಲೀಸಾದ ದಾರಿ ಇತ್ತಾ ಎಂದು ಲೆಕ್ಕ ಹಾಕಿ, ಬರೆದು, ಎಲ್ಲರ ಮುಂದೆ ಇಡುವುದು. ‘ಎಲ್ಲರ ಮುಂದೆ’ ಅನ್ನುವುದನ್ನು ನೆನಪಿಡಿ. ಬರೀ ಸಚಿವರ ಟೇಬಲ್ ಮೇಲೆ ಇಟ್ಟು ಬಂದರೆ ಅದಕ್ಕೆ ಕನ್ಸಲ್ಟೆನ್ಸಿ ಅಂತಾರೆ.

ಇದು ಅಮೆರಿಕದಿಂದ ಬಂದ ಫ್ಯಾಷನ್ ಅಲ್ವಾ?

ಹೆಸರು ಅಲ್ಲಿಯದು. ವಾಷಿಂಗ್ಟನ್ನಿನ ಬ್ರೂಕಿಂಗ್ಸ್ ಸಂಸ್ಥೆಯ ಬೇರು 1916ರಲ್ಲಿದೆ. ಆದರೆ ನಮ್ಮಲ್ಲೂ ಇದು ನಿನ್ನೆ ಮೊನ್ನೆಯದಲ್ಲ. ಆರ್ಥಿಕ ಸಂಶೋಧನೆ ಮಾಡುವ ದೆಹಲಿಯ ಎನ್‌ಸಿಎಇಆರ್ ಶುರುವಾಗಿದ್ದು 1956ರಲ್ಲಿ. ನಾಗರಭಾವಿಯಲ್ಲಿ ಬಸ್ಸಿನಿಂದ ಇಳಿದರೆ ಸಿಗುವ ‘ಐಸೆಕ್’ ಇದೆಯಲ್ಲ, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅದನ್ನು ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರೂ ಅವರೇ. ನಡುವೆ ಕೇಂದ್ರದಲ್ಲಿ ಶಿಕ್ಷಣ ಸಚಿವರಾಗಿದ್ದರು. ಸಚಿವರಾಗಿದ್ದವರು ಹೊರಗೆ ಬಂದು, ಸರ್ಕಾರದ ಕೆಲಸವನ್ನು ಹೊರಗಿನಿಂದ ನೋಡುವ ಸಂಸ್ಥೆ ಕಟ್ಟಿದ್ದು ನನಗೆ ಯಾವಾಗಲೂ ಕುತೂಹಲದ ವಿಷಯ.

ಸರ್ಕಾರದಲ್ಲೇ ಅಷ್ಟೊಂದು ಐಎಎಸ್ ಅಧಿಕಾರಿಗಳಿದ್ದಾರೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಬೇರೆ ಇದೆ. ನೀವು ಯಾಕೆ ಬೇಕು?

ಅಧಿಕಾರಿಗಳು ದಡ್ಡರಲ್ಲ. ನನಗಿಂತ ಜಾಣರನ್ನು ವಿಕಾಸ ಸೌಧದಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಇಲ್ಲದಿರುವುದು ಪುರಸೊತ್ತು. ಬೆಳಿಗ್ಗೆ ವಿಡಿಯೋ ಕಾನ್ಫರೆನ್ಸ್, ಮಧ್ಯಾಹ್ನ ಕೋರ್ಟ್ ಕೇಸು, ಸಂಜೆ ಸಚಿವರ ಸಭೆ. ಅಧಿವೇಶನ ನಡೆಯುತ್ತಿದ್ದರಂತೂ ಸದನದಲ್ಲಿ ಶಾಸಕರು ಕೇಳುವ ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಉತ್ತರ ಬರೆಸುವುದರಲ್ಲೇ ವಾರ ಕಳೆದುಹೋಗುತ್ತದೆ. ಇಲಾಖೆ ಅರ್ಥವಾಗುವ ಹೊತ್ತಿಗೆ ವರ್ಗಾವಣೆ. ಹತ್ತು ವರ್ಷದ ಲೆಕ್ಕ ಹರಡಿಕೊಂಡು ಕೂರಲು ಅವರಿಗೆ ಎಲ್ಲಿಂದ ಸಮಯ ಬರಬೇಕು?

ಸಮಯ ಇದ್ದರೂ ಇನ್ನೊಂದು ತೊಡಕಿದೆ. ತಾನೇ ಮಾಡಿದ ಅಡುಗೆಗೆ ತಾನೇ ಮಾರ್ಕ್ಸ್ ಹಾಕಿಕೊಂಡರೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಸಿಎಜಿಯವರು ಗಟ್ಟಿ ಕೆಲಸ ಮಾಡುತ್ತಾರೆ, ಅವರ ವರದಿಗಳು ಇಲ್ಲದಿದ್ದರೆ ನಮ್ಮ ಅರ್ಧ ಕೆಲಸ ನಡೆಯುವುದಿಲ್ಲ. ಆದರೆ ಅವರು ಹೆಚ್ಚಾಗಿ ನೋಡುವುದು ಖರ್ಚು ಆದಮೇಲೆ, ನಿಯಮದ ಪ್ರಕಾರ ಆಯಿತಾ ಎಂದು. ಈ ನಿಯಮವೇ ಸರಿ ಇದೆಯಾ ಅಂತ ಯಾರಾದರೂ ಕೇಳಬೇಕಲ್ಲ. ನಮ್ಮ ಜಾಗ ಅದು.

ಎನ್‌ಜಿಒಗೂ ನಿಮಗೂ ಏನು ವ್ಯತ್ಯಾಸ?

ಕಾಗದದ ಮೇಲೆ ಹೆಚ್ಚೇನಿಲ್ಲ. ಟ್ರಸ್ಟು, ಸೊಸೈಟಿ, ಇಲ್ಲಾ ಕಂಪನಿ ಕಾಯ್ದೆಯ ಸೆಕ್ಷನ್ 8ರ ಲಾಭರಹಿತ ಕಂಪನಿ. ಕೆಲಸದಲ್ಲಿ ವ್ಯತ್ಯಾಸ ಇದೆ. ಅವರು ಶಾಲೆಗೆ ಶೌಚಾಲಯ ಕಟ್ಟಿಸುತ್ತಾರೆ. ಶೌಚಾಲಯಕ್ಕೆಂದು ಇಟ್ಟ ಅನುದಾನ ಯಾಕೆ ಖರ್ಚಾಗಲಿಲ್ಲ ಎಂದು ನಾವು ಹುಡುಕುತ್ತೇವೆ. ಊರವರಿಗೆ ಅವರ ಕೆಲಸ ಕಾಣುತ್ತದೆ, ನಮ್ಮದು ಕಾಣುವುದಿಲ್ಲ. ಹೊಟ್ಟೆಕಿಚ್ಚು ಆಗುವುದೂ ಉಂಟು.

ಒಂದು ಉದಾಹರಣೆ ಕೊಡಿ. ಕತೆ ಬೇಡ.

ಬೆಂಗಳೂರಿನದೇ ಕೊಡುತ್ತೇನೆ. 1993ರ ಮಾತು. ಸ್ಯಾಮ್ಯುಯೆಲ್ ಪಾಲ್ ಎಂಬ ಅರ್ಥಶಾಸ್ತ್ರಜ್ಞರು ಅಹಮದಾಬಾದ್ ಐಐಎಂ ನಿರ್ದೇಶಕರಾಗಿ, ಆಮೇಲೆ ವಿಶ್ವಬ್ಯಾಂಕಿನಲ್ಲಿ ಕೆಲಸ ಮಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದರು. ನಲ್ಲಿ ನೀರು, ಕರೆಂಟು, ಟೆಲಿಫೋನು, ಕಸ, ಎಲ್ಲದಕ್ಕೂ ಜನ ಬೈಯುತ್ತಿದ್ದ ಕಾಲ. ಬೈಗುಳವನ್ನು ಲೆಕ್ಕ ಮಾಡಿದರೆ ಹೇಗೆ ಎಂಬ ಯೋಚನೆ ಅವರಿಗೆ ಬಂತು. ಸೋಪಿನ ಕಂಪನಿ ಗಿರಾಕಿಯನ್ನು ಕೇಳುತ್ತದಲ್ಲ, ಹಾಗೆ ಸರ್ಕಾರಿ ಕಚೇರಿಯ ಗಿರಾಕಿಯನ್ನು ಕೇಳುವುದು. ಸುಮ್ನೆ ದಾರಿಯಲ್ಲಿ ಹೋಗುವವರನ್ನಲ್ಲ, ಇತ್ತೀಚೆಗೆ ಆ ಕಚೇರಿಗೆ ನಿಜವಾಗಿ ಹೋಗಿ ಬಂದವರನ್ನು. ಎಷ್ಟು ಸಲ ಅಲೆದಿರಿ, ಕೆಲಸ ಆಯಿತಾ, ಕೈ ಬಿಸಿ ಮಾಡಬೇಕಾಯಿತಾ, ಕೊನೆಗೆ ತೃಪ್ತಿ ಇದೆಯಾ?

ಇದಕ್ಕೆ ಇಟ್ಟ ಹೆಸರು ರಿಪೋರ್ಟ್ ಕಾರ್ಡ್, ಶಾಲೆಯ ಅಂಕಪಟ್ಟಿ ಇದ್ದ ಹಾಗೆ. 1994ರಲ್ಲಿ ಫಲಿತಾಂಶ ಹೊರಗೆ ಬಂತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕೆಲಸದಿಂದ ತೃಪ್ತರಾದವರು ನೂರಕ್ಕೆ 1. ಜಲಮಂಡಳಿಗೆ 4. ಎಲ್ಲರಿಗಿಂತ ಮುಂದಿದ್ದ ಸರ್ಕಾರಿ ಆಸ್ಪತ್ರೆಗಳಿಗೇ 25. ಎಲ್ಲಾ ಸೇರಿಸಿ ನೋಡಿದರೆ ಸರಾಸರಿ 9. ಪತ್ರಿಕೆಗಳು ಇದನ್ನು ದೊಡ್ಡದಾಗಿ ಹಾಕಿದವು. ಅದೇ ವರ್ಷ ಪಾಲ್ ಅವರ ‘ಪಬ್ಲಿಕ್ ಅಫೇರ್ಸ್ ಸೆಂಟರ್’ ಹುಟ್ಟಿತು.

ಆಮೇಲೆ? ಬಹಳ ದಿನ ಏನೂ ಆಗಲಿಲ್ಲ. 1999ರಲ್ಲಿ ಮತ್ತೆ ಸಮೀಕ್ಷೆ ಮಾಡಿದರು, ಸುಧಾರಣೆ ಅಷ್ಟಕ್ಕಷ್ಟೇ. ಅದೇ ವರ್ಷ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು, ಇನ್ಫೋಸಿಸ್‌ನ ನಂದನ್ ನಿಲೇಕಣಿ ನೇತೃತ್ವದಲ್ಲಿ ಊರಿನ ಸುಧಾರಣೆಗೆ ಬಿಎಟಿಎಫ್ ಎಂಬ ಕಾರ್ಯಪಡೆ ಮಾಡಿದರು, ಮರುವರ್ಷ ಆಸ್ತಿ ತೆರಿಗೆಯನ್ನು ಮನೆಯವರೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂತು. 2003ರ ಮೂರನೇ ಕಾರ್ಡಿನಲ್ಲಿ ತೃಪ್ತರ ಸಂಖ್ಯೆ ಹೆಚ್ಚು ಕಡಿಮೆ ಅರ್ಧದಷ್ಟಕ್ಕೆ ಏರಿತ್ತು, ನೂರಕ್ಕೆ 49.

ಇದೆಲ್ಲಾ ರಿಪೋರ್ಟ್ ಕಾರ್ಡಿನಿಂದಲೇ ಆಯಿತು ಅಂತ ಹೇಳಿದರೆ ಸುಳ್ಳು ಹೇಳಿದ ಹಾಗೆ. ಮುಖ್ಯಮಂತ್ರಿಗೆ ಮನಸ್ಸಿತ್ತು, ಒಳ್ಳೆಯ ಅಧಿಕಾರಿಗಳು ಇದ್ದರು, ಊರಲ್ಲಿ ದುಡ್ಡೂ ಹರಿಯುತ್ತಿತ್ತು. ಬಿಎಟಿಎಫ್ ಬಗ್ಗೆಯೂ ತಕರಾರು ಇತ್ತು: ಆಯ್ಕೆಯಾದ ಪಾಲಿಕೆ ಸದಸ್ಯರನ್ನು ಬದಿಗಿಟ್ಟು ಕಂಪನಿಯವರು ಊರು ನಡೆಸುವುದು ಯಾವ ನ್ಯಾಯ ಎಂದು ಕೇಳಿದವರಿದ್ದರು. ಆದರೆ ಸುಧಾರಣೆ ಆಯಿತೋ ಇಲ್ಲವೋ ಎಂದು ತಿಳಿಯಲು 1994ರ ಆ ಅಂಕಪಟ್ಟಿ ಕೈಯಲ್ಲಿತ್ತು. ಅದು ಇಲ್ಲದಿದ್ದರೆ ‘ಬೆಂಗಳೂರು ಎಷ್ಟು ಬದಲಾಯ್ತು ನೋಡ್ರೀ’ ಅನ್ನುವವರು ಒಂದು ಕಡೆ, ‘ಏನೂ ಆಗಿಲ್ಲ ಬಿಡ್ರೀ’ ಅನ್ನುವವರು ಇನ್ನೊಂದು ಕಡೆ, ಇಬ್ಬರ ಕೈಯಲ್ಲೂ ಏನೂ ಇರುತ್ತಿರಲಿಲ್ಲ.

ವರದಿ ಹೇಗೆ ತಯಾರಾಗುತ್ತದೆ? ಎಸಿ ರೂಮಲ್ಲಿ ಕೂತು ಬರೆಯೋದಾ?

ಅರ್ಧ ಹೌದು. ಆ ಅರ್ಧದಲ್ಲಿ ಹೆಚ್ಚಿನದು ಬಜೆಟ್ ಪುಸ್ತಕ ಓದುವುದು. ಕರ್ನಾಟಕದ 2025-26ರ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಟಿವಿಯಲ್ಲಿ ನೀವು ನೋಡುವುದು ಭಾಷಣ. ನಾವು ನೋಡುವುದು ಅದರ ಹಿಂದಿನ ದಪ್ಪ ಸಂಪುಟಗಳನ್ನು. ಅದರಲ್ಲಿ ಪ್ರತಿ ಬಾಬ್ತಿಗೂ ಒಂದು ಲೆಕ್ಕ ಶೀರ್ಷಿಕೆಯ ನಂಬರ್ ಇರುತ್ತದೆ. 2202 ಅಂದರೆ ಸಾಮಾನ್ಯ ಶಿಕ್ಷಣ, 2210 ಅಂದರೆ ಆರೋಗ್ಯ, 2236 ಅಂದರೆ ಪೌಷ್ಟಿಕಾಂಶ. ಒಂದೊಂದು ಸಾಲಿನ ಮುಂದೆ ನಾಲ್ಕು ಕಾಲಂ: ಎರಡು ವರ್ಷದ ಹಿಂದೆ ನಿಜವಾಗಿ ಖರ್ಚಾದ ಲೆಕ್ಕ, ಕಳೆದ ಸಲದ ಅಂದಾಜು, ಅದರ ಪರಿಷ್ಕೃತ ಅಂದಾಜು, ಈ ಸಲದ ಅಂದಾಜು. ಘೋಷಣೆ ಆಗುವುದು ನಾಲ್ಕನೇ ಕಾಲಂ. ಸತ್ಯ ಇರುವುದು ಮೊದಲನೆಯದರಲ್ಲಿ. 100 ರೂಪಾಯಿ ಇಟ್ಟಿದ್ದೇವೆ ಅಂತ ಭಾಷಣ ಆಗಿರುತ್ತದೆ, ಎರಡು ವರ್ಷ ಆದಮೇಲೆ ಲೆಕ್ಕದ ಕಾಲಂನಲ್ಲಿ 60 ಇರುತ್ತದೆ. ಅಷ್ಟು ಹೊತ್ತಿಗೆ ಭಾಷಣ ಯಾರಿಗೂ ನೆನಪಿರುವುದಿಲ್ಲ.

ಇನ್ನರ್ಧ ಊರೂರು ಅಲೆಯುವುದು. ಒಂದು ಘಟನೆ ಹೇಳುತ್ತೇನೆ. ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯ ಅಂಗನವಾಡಿ. ಮಕ್ಕಳನ್ನು ತೂಗುವ ತಕ್ಕಡಿ ಗೋಡೆಯ ಮೊಳೆಗೆ ನೇತುಹಾಕಿತ್ತು, ಗಡಿಯಾರದ ಮುಖದ ಹಾಗಿರುವಂಥದ್ದು. ಕೆಳಗೆ ಮಗುವಿನ ಜೋಳಿಗೆ ಸಿಕ್ಕಿಸಲು ಒಂದು ಕೊಕ್ಕೆ ಇರಬೇಕು. ಇರಲಿಲ್ಲ. ಆದರೆ ರಿಜಿಸ್ಟರಿನಲ್ಲಿ ಪ್ರತಿ ಮಗುವಿನ ತೂಕ ಪ್ರತಿ ತಿಂಗಳೂ ಬರೆದಿತ್ತು, ನೀಲಿ ಪೆನ್ನಿನಲ್ಲಿ, ಮುದ್ದಾದ ಅಕ್ಷರದಲ್ಲಿ. ಎಲ್ಲಾ ಮಕ್ಕಳೂ ತಿಂಗಳಿಗೆ ಸರಿಯಾಗಿ 200 ಗ್ರಾಂ ಏರಿದ್ದವು. ಒಂದು ಮಗುವೂ 150 ಇಲ್ಲ, 250 ಇಲ್ಲ.

ನಾನು ತಕ್ಕಡಿಯನ್ನೂ ರಿಜಿಸ್ಟರನ್ನೂ ನೋಡುತ್ತಿದ್ದದ್ದನ್ನು ಕಂಡು ಕಾರ್ಯಕರ್ತೆಯೇ ಹೇಳಿದರು: “ಕೊಕ್ಕಿ ಮುರದು ಎಂಟು ತಿಂಗಳಾತ್ರಿ ಸರ್. ಎರಡು ಸಲ ಬರದು ಕೊಟ್ಟೀನ್ರಿ. ಕಾಲಂ ಖಾಲಿ ಬಿಟ್ರ ಫಾರಂ ತಗೊಳ್ಳಾಂಗಿಲ್ರಿ, ವಾಪಸ್ ಕಳಸ್ತಾರ್ರಿ.”

ಬೆಂಗಳೂರಿನಲ್ಲಿ ಕೂತು ಆ ಅಂಕಿ ಅಂಶ ನೋಡಿದ್ದರೆ ಆ ಊರಿನ ಮಕ್ಕಳೆಲ್ಲ ಚೆನ್ನಾಗಿ ಬೆಳೆಯುತ್ತಿದ್ದಾರೆ ಎಂದೇ ನಾನು ಬರೆದಿರುತ್ತಿದ್ದೆ, ಜೊತೆಗೆ ಒಂದು ಬಣ್ಣದ ಗ್ರಾಫು. ಆ ಹೆಣ್ಣುಮಗಳದ್ದು ತಪ್ಪು ಅಂತ ನನಗೆ ಅನಿಸಲಿಲ್ಲ. ‘ತೂಗಲು ಆಗಲಿಲ್ಲ’ ಎಂದು ಬರೆಯಲು ಫಾರಂನಲ್ಲಿ ಜಾಗವೇ ಇರಲಿಲ್ಲ. ನಾವು ಕೊಟ್ಟ ಸಲಹೆ ಒಂದೇ ಸಾಲು: ಆ ಜಾಗ ಮಾಡಿಕೊಡಿ.

‘ಸ್ವತಂತ್ರ’ ಅಂತ ಬೋರ್ಡಿನಲ್ಲಿ ಹಾಕ್ತೀರಲ್ಲ, ಯಾರಿಂದ ಸ್ವತಂತ್ರ?

ಇದಕ್ಕೆ ಮೊದಲೆಲ್ಲ ಉದ್ದುದ್ದ ಉತ್ತರ ಕೊಡುತ್ತಿದ್ದೆ. ಪಕ್ಷದಿಂದ ಸ್ವತಂತ್ರ, ಕಂಪನಿಯಿಂದ ಸ್ವತಂತ್ರ ಅಂತೆಲ್ಲ. ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಬರೆದ ವರದಿ ಹೊರಗೆ ಬಾರದ ಹಾಗೆ ತಡೆಯುವ ತಾಕತ್ತು ಯಾರಿಗಿದೆ?

ಮೇಲೆ ಹೇಳಿದ ಅಂಗನವಾಡಿ ಅಧ್ಯಯನ ಇದೆಯಲ್ಲ, ಅದನ್ನು ನಮ್ಮಿಂದ ಮಾಡಿಸಿದ್ದು ಒಂದು ಸರ್ಕಾರಿ ಕಚೇರಿ. ಕರಾರು ಪತ್ರದ ಒಂಬತ್ತನೇ ಪುಟದಲ್ಲಿ ಒಂದು ಷರತ್ತು ಇತ್ತು: ಲಿಖಿತ ಅನುಮತಿ ಇಲ್ಲದೆ ಪ್ರಕಟಿಸುವಂತಿಲ್ಲ. ಸಹಿ ಹಾಕುವಾಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ವರದಿ ಕೊಟ್ಟೆವು. ಪ್ರೆಸೆಂಟೇಷನ್ ಆಯಿತು, ಗೋಡಂಬಿ ಬಿಸ್ಕತ್ತು ಆಯಿತು, ಎಲ್ಲರೂ ಮೆಚ್ಚಿಕೊಂಡರು. ಅನುಮತಿ ಕೇಳಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ನೆನಪೋಲೆಗೂ ಇಲ್ಲ. ಯಾರೂ ಬೇಡ ಅನ್ನಲಿಲ್ಲ, ಹೆದರಿಸಲಿಲ್ಲ, ಅಷ್ಟೇ ಯಾಕೆ, ಫೋನ್ ಮಾಡಿದರೆ ತುಂಬಾ ವಿಶ್ವಾಸದಿಂದಲೇ ಮಾತಾಡುತ್ತಿದ್ದರು. ಆ ವರದಿ ಈಗಲೂ ನಮ್ಮ ಕಪಾಟಿನಲ್ಲಿದೆ. ಆ ಅಧ್ಯಯನದ ಮಟ್ಟಿಗೆ ನಾವು ಸ್ವತಂತ್ರರಾಗಿರಲಿಲ್ಲ, ಬೋರ್ಡಿನಲ್ಲಿ ಏನೇ ಬರೆದಿರಲಿ.

ಅದಾದಮೇಲೆ ನಮ್ಮ ಸಂಸ್ಥೆ ಒಂದು ನಿಯಮ ಮಾಡಿಕೊಂಡಿತು. ದುಡ್ಡು ಕೊಟ್ಟವರು ಕರಡು ಓದಬಹುದು, ತಪ್ಪಿದ್ದರೆ ತೋರಿಸಬಹುದು, ಅವರ ಆಕ್ಷೇಪವನ್ನು ವರದಿಯ ಕೊನೆಯಲ್ಲಿ ಅವರ ಮಾತಿನಲ್ಲೇ ಹಾಕುತ್ತೇವೆ. ತಡೆಯುವಂತಿಲ್ಲ. ಈ ನಿಯಮದಿಂದ ಎರಡು ಒಳ್ಳೆಯ ಪ್ರಾಜೆಕ್ಟ್ ಕೈ ತಪ್ಪಿದವು. ಆ ವರ್ಷ ಇನ್‌ಕ್ರಿಮೆಂಟ್ ಇರಲಿಲ್ಲ.

ಹಾಗಾದ್ರೆ ದುಡ್ಡು ಎಲ್ಲಿಂದ ಬರುತ್ತೆ?

ಎಲ್ಲರೂ ಕೇಳಬೇಕಾದ ಪ್ರಶ್ನೆ, ಮುಜುಗರ ಬೇಡ. ಕೆಲವು ಸಂಸ್ಥೆಗಳಿಗೆ ಸರ್ಕಾರದ ಅನುದಾನ ಇದೆ. ಐಸೆಕ್‌ಗೆ ಕೇಂದ್ರದ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಐಸಿಎಸ್‌ಎಸ್‌ಆರ್‌ನಿಂದಲೂ ರಾಜ್ಯ ಸರ್ಕಾರದಿಂದಲೂ ಬರುತ್ತದೆ. ಕೆಲವಕ್ಕೆ ದೇಶದ ದೊಡ್ಡ ದಾನಿಗಳು, ಕೆಲವಕ್ಕೆ ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಸಿಎಸ್‌ಆರ್ ಹಣ, ಕೆಲವಕ್ಕೆ ವಿದೇಶಿ ಪ್ರತಿಷ್ಠಾನಗಳು. ತರಬೇತಿ ಕೋರ್ಸ್ ನಡೆಸಿ ಶುಲ್ಕದಿಂದ ಒಂದಿಷ್ಟು ಗಳಿಸುವವರೂ ಇದ್ದಾರೆ.

ವಿದೇಶಿ ಹಣ ತಗೊಳ್ಳಬೇಕಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಪರವಾನಗಿ ಬೇಕು. 2020ರ ತಿದ್ದುಪಡಿ ಆದಮೇಲೆ ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ನೂರಕ್ಕೆ 20 ದಾಟುವಂತಿಲ್ಲ. ಮೊದಲು 50 ಇತ್ತು. ರಸ್ತೆ ಕಟ್ಟುವವರಿಗೆ ಆಡಳಿತ ವೆಚ್ಚ ಕಡಿಮೆ ಇರಬಹುದು. ಬರೀ ಜನ, ಕಂಪ್ಯೂಟರು, ಬಾಡಿಗೆ ಮೇಲೆ ನಡೆಯುವ ಸಂಸ್ಥೆಗೆ ಈ ಲೆಕ್ಕ ಹೊಂದಿಸುವುದು ತಲೆನೋವು.

1973ರಿಂದ ಇರುವ ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನ ಈ ಪರವಾನಗಿಯನ್ನು ಕೇಂದ್ರ ಗೃಹ ಇಲಾಖೆ 2023ರ ಫೆಬ್ರವರಿಯಲ್ಲಿ ಅಮಾನತು ಮಾಡಿತು, 2024ರ ಜನವರಿಯಲ್ಲಿ ರದ್ದು ಮಾಡಿತು. ನಿಯಮ ಮುರಿದಿದ್ದಾರೆ ಎಂದು ಸರ್ಕಾರ ಹೇಳಿತು, ಸಂಸ್ಥೆ ಅದನ್ನು ಒಪ್ಪಲಿಲ್ಲ. ಯಾರು ಸರಿ ಎಂಬ ಜಗಳಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಆದರೆ ಸಂಬಳ ಕೊಡಲಾಗದೆ ಅಲ್ಲಿಂದ ಜನ ಖಾಲಿಯಾದದ್ದನ್ನು ನೋಡಿ ಈ ಕೆಲಸದಲ್ಲಿರುವ ನಾವೆಲ್ಲ ನಮ್ಮ ನಮ್ಮ ಲೆಕ್ಕಪತ್ರ ಇನ್ನೊಂದು ಸಲ ತೆಗೆದು ನೋಡಿದ್ದು ನಿಜ. ಒಂದೇ ಬಾವಿ ನಂಬಿಕೊಂಡರೆ ಬೇಸಿಗೆಯಲ್ಲಿ ಏನಾಗುತ್ತೆ ಅಂತ ಹೇಳಿಕೊಡಬೇಕಾ?

ನೀತಿ ಆಯೋಗವೂ ಥಿಂಕ್ ಟ್ಯಾಂಕ್ ಅಂತಾರಲ್ಲ?

ಅಂತಾರೆ. 2015ರ ಜನವರಿ 1ರಂದು ಯೋಜನಾ ಆಯೋಗದ ಜಾಗಕ್ಕೆ ಬಂತು. ಪ್ರಧಾನಿಯೇ ಅಧ್ಯಕ್ಷರು. ಒಳ್ಳೆಯ ಅಂಕಿ ಅಂಶ ಕೊಡುತ್ತದೆ, ನಾವೂ ಬಳಸುತ್ತೇವೆ. ಆದರೆ ಅದು ಸರ್ಕಾರದ್ದೇ ಮನೆ.

ನೀವು ಎಡವೋ ಬಲವೋ? ನಿಜ ಹೇಳಿ.

ನಮ್ಮ ಆಫೀಸಿನಲ್ಲಿ ಎರಡೂ ಇದೆ, ಮಧ್ಯಾಹ್ನ ಊಟದ ಹೊತ್ತಿಗೆ ಗೊತ್ತಾಗುತ್ತದೆ. ಮಾರುಕಟ್ಟೆಗೆ ಬಿಟ್ಟರೆ ಎಲ್ಲಾ ಸರಿಹೋಗುತ್ತದೆ ಅನ್ನುವ ಸಂಸ್ಥೆಗಳಿವೆ, ಸರ್ಕಾರವೇ ಮಾಡಬೇಕು ಅನ್ನುವವೂ ಇವೆ. ಒಲವು ಇರುವುದು ತಪ್ಪಲ್ಲ. ಮುಚ್ಚಿಡುವುದು ತಪ್ಪು. ನಮಗೆ ಒಲವೇ ಇಲ್ಲ ಅನ್ನುವ ಸಂಸ್ಥೆಯನ್ನು ಕಂಡರೆ ನನಗೆ ಅನುಮಾನ ಜಾಸ್ತಿ.

2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ಸಿನ ‘ಶಕ್ತಿ’ ಯೋಜನೆ ಶುರುವಾದಾಗ ಇದು ಚೆನ್ನಾಗಿ ಕಂಡಿತು. ಕೆಲವರು ಸಾರಿಗೆ ನಿಗಮಕ್ಕೆ ಸರ್ಕಾರ ಎಷ್ಟು ತುಂಬಿಕೊಡಬೇಕು ಅನ್ನುವುದನ್ನೇ ಲೆಕ್ಕ ಹಾಕಿದರು. ಕೆಲವರು ಮನೆಯಿಂದ ಹೊರಗೆ ದುಡಿಯಲು ಹೋಗುವ ಹೆಂಗಸರು ಎಷ್ಟು ಜಾಸ್ತಿಯಾದರು ಅನ್ನುವುದನ್ನೇ ಕೇಳಿದರು. ಎರಡೂ ಸರಿಯಾದ ಪ್ರಶ್ನೆಗಳೇ. ಯಾವ ಪ್ರಶ್ನೆ ಮೊದಲು ಕೇಳುತ್ತೀರಿ ಅನ್ನುವುದರಲ್ಲೇ ನಿಮ್ಮ ಒಲವು ಗೊತ್ತಾಗುತ್ತದೆ.

ನಿಮ್ಮ ವರದಿ ಯಾರಾದ್ರೂ ಓದ್ತಾರಾ?

ಪೂರ್ತಿ ಓದುವವರು ಕಡಿಮೆ. ನಮ್ಮಮ್ಮ ಮುಖಪುಟ ಓದಿದ್ದಾರೆ.

ಆದರೆ ಒಂದು ಸಂಖ್ಯೆ ಒಮ್ಮೆ ಊರಾಡಲು ಶುರುವಾದರೆ ಅದು ತಾನೇ ಕೆಲಸ ಮಾಡುತ್ತದೆ. ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆ ನೋಡಿ. ಅದರ ಜಾಣತನ ಏನೆಂದರೆ ಶಾಲೆಗೆ ಹೋಗುವುದಿಲ್ಲ, ಮನೆಗೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. 2018ರಲ್ಲಿ ದೇಶದ ಹಳ್ಳಿಗಳ ಐದನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಸುಮಾರು ಅರ್ಧ. ಕೋವಿಡ್ ಆದಮೇಲೆ 2022ರಲ್ಲಿ ಅದು ನೂರಕ್ಕೆ 42.8ಕ್ಕೆ ಇಳಿಯಿತು. ಮೊದಲು ಶಾಲೆ ಅಂದರೆ ಕಟ್ಟಡ ಎಷ್ಟು, ದಾಖಲಾತಿ ಎಷ್ಟು ಅನ್ನುವುದೇ ಮಾತಾಗಿತ್ತು. ವರ್ಷಗಟ್ಟಲೆ ಅದೇ ಹಾಳೆ ಹಿಡಿದು ಅದೇ ಪ್ರಶ್ನೆ ಕೇಳಿದ್ದರಿಂದ, ಮಗು ಓದುತ್ತದಾ ಅನ್ನುವುದೂ ಮಾತಾಯಿತು. 2020ರ ಶಿಕ್ಷಣ ನೀತಿಯಲ್ಲಿ ಬುನಾದಿ ಓದು, ಲೆಕ್ಕಕ್ಕೆ ಅಷ್ಟು ಜಾಗ ಸಿಕ್ಕಿತು. ಹದಿನೈದು ವರ್ಷ ಹಿಡಿಯಿತು ಅನ್ನಿ.

ಶಾಸಕರು, ಸಂಸದರ ವಿಷಯ ಬೇರೆ. ಒಂದು ಮಸೂದೆ ಸದನಕ್ಕೆ ಬರುವುದಕ್ಕೂ ಪಾಸಾಗುವುದಕ್ಕೂ ನಡುವೆ ಒಮ್ಮೊಮ್ಮೆ ಒಂದೇ ದಿನ ಇರುತ್ತದೆ. ಅವರ ಹತ್ತಿರ ಓದಿ ಹೇಳುವ ಸಿಬ್ಬಂದಿ ಇರುವುದಿಲ್ಲ. 2005ರಲ್ಲಿ ಶುರುವಾದ ಪಿಆರ್‌ಎಸ್ ಸಂಸ್ಥೆ ಪ್ರತಿ ಮಸೂದೆಗೂ ಕೆಲವೇ ಪುಟದ ಟಿಪ್ಪಣಿ ಮಾಡಿ ಎಲ್ಲಾ ಪಕ್ಷದವರಿಗೂ ಒಂದೇ ಪ್ರತಿ ಕೊಡುತ್ತದೆ. ಮಸೂದೆ ಬೇಕು, ಬೇಡ ಅಂತ ಏನೂ ಹೇಳುವುದಿಲ್ಲ. ನನಗೆ ಆ ಸಂಯಮ ಇಲ್ಲ, ಆದರೆ ಮೆಚ್ಚುತ್ತೇನೆ.

ಕೋರ್ಟಿಗೆ ಹೋಗುವವರೂ ಇದ್ದಾರೆ. ಚುನಾವಣೆಗೆ ನಿಂತವರ ಆಸ್ತಿ, ಕ್ರಿಮಿನಲ್ ಕೇಸುಗಳ ಅಫಿಡವಿಟ್ ಇವತ್ತು ನಿಮಗೆ ಓದಲು ಸಿಗುತ್ತಿದ್ದರೆ ಅದರ ಹಿಂದೆ ಎಡಿಆರ್ ಇದೆ. ಅಹಮದಾಬಾದ್ ಐಐಎಂನ ಕೆಲವು ಪ್ರಾಧ್ಯಾಪಕರು 1999ರಲ್ಲಿ ಶುರು ಮಾಡಿದ ಸಂಸ್ಥೆ. ಅವರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿ ಆಮೇಲೆ ಬೆಂಗಳೂರಿನ ಐಐಎಂಗೆ ಬಂದರು. ಸುಪ್ರೀಂ ಕೋರ್ಟ್ 2002ರಲ್ಲಿ ಎಡಿಆರ್ ಪರ ತೀರ್ಪು ಕೊಟ್ಟಿತು. 2024ರ ಫೆಬ್ರವರಿ 15ರಂದು ಪಕ್ಷಗಳಿಗೆ ಹೆಸರು ಹೇಳದೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ರದ್ದಾದ ಪ್ರಕರಣದಲ್ಲೂ ಅರ್ಜಿದಾರರಲ್ಲಿ ಎಡಿಆರ್ ಇತ್ತು.

ವರದಿ ತಪ್ಪಾದ್ರೆ?

ಆಗಿದೆ. ರಾಜ್ಯದ ಬಜೆಟ್ ಸಂಪುಟಗಳಲ್ಲಿ ಮೊತ್ತ ಲಕ್ಷಗಳಲ್ಲಿ ಇರುತ್ತದೆ. ನಾನು ಒಂದು ಪಟ್ಟಿಯನ್ನು ಕೋಟಿ ಎಂದು ಓದಿ, ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿ, ಪತ್ರಿಕೆಗೂ ಕಳಿಸಿಬಿಟ್ಟೆ. ಮರುದಿನ ಹಾಸನದಿಂದ ನಿವೃತ್ತ ಲೆಕ್ಕಾಧಿಕಾರಿಯೊಬ್ಬರ ಫೋನು: “ಏನಪ್ಪಾ, ನೀನು ಬರೆದಿರೋ ದುಡ್ಡು ಆ ಇಡೀ ಇಲಾಖೆಗೇ ಇಲ್ಲವಲ್ಲಪ್ಪ, ಎಲ್ಲಿಂದ ತಂದೆ?” ಬೆವರು ಇಳಿಯಿತು. ಸಂಜೆಯೊಳಗೆ ತಪ್ಪೊಪ್ಪಿಗೆ ಹಾಕಿದೆವು, ಹಳೆಯ ಪ್ರತಿಯನ್ನೂ ತೆಗೆಯದೆ ಪಕ್ಕದಲ್ಲೇ ಇಟ್ಟೆವು. ಆಮೇಲಿಂದ ನಮ್ಮ ಯಾವ ಬಜೆಟ್ ವರದಿಯೂ ಆ ಹಿರಿಯರು ನೋಡದೆ ಹೊರಗೆ ಹೋಗಿಲ್ಲ. ಸಂಭಾವನೆ ಅಂದರೆ ಬೈಯುತ್ತಾರೆ, ಕಾಫಿಪುಡಿ ಅಂದರೆ ತಗೊಳ್ಳುತ್ತಾರೆ.

ಒಂದು ವರದಿಯನ್ನು ನಂಬಬಹುದಾ ಅಂತ ನನ್ನಂಥವನಿಗೆ ಹೇಗೆ ಗೊತ್ತಾಗಬೇಕು?

ಸಾರಾಂಶ ಬಿಟ್ಟು ಹಿಂದಿನಿಂದ ಓದಿ. ದುಡ್ಡು ಕೊಟ್ಟವರ ಹೆಸರು ಇದೆಯಾ? ಎಷ್ಟು ಜನರನ್ನು, ಎಲ್ಲಿ, ಯಾವಾಗ ಕೇಳಿದರು, ಪ್ರಶ್ನೆ ಏನಿತ್ತು ಎಂದು ಹಾಕಿದ್ದಾರಾ? ‘ಶೇಕಡ 70 ಜನ ಹೇಳಿದರು’ ಅಂದರೆ ಹತ್ತರಲ್ಲಿ ಏಳಾ, ಸಾವಿರದಲ್ಲಿ ಏಳುನೂರಾ? ಆಮೇಲೆ ಆ ಸಂಸ್ಥೆಯ ಹಳೆಯ ವರದಿಗಳ ಪಟ್ಟಿ ನೋಡಿ. ದುಡ್ಡು ಕೊಟ್ಟವರಿಗೆ ಬೇಸರ ತರುವಂಥದ್ದು ಒಂದಾದರೂ ಇದೆಯಾ? ಇಲ್ಲ ಅಂದರೆ ಸ್ವಲ್ಪ ದೂರ ನಿಂತು ಓದಿ.

ಎಲ್ಲಾ ಇಂಗ್ಲಿಷಲ್ಲೇ ಯಾಕೆ ಬರೀತೀರಿ?

ಈ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ, ನಾಚಿಕೆ ಇದೆ. ದುಡ್ಡು ಕೊಡುವವರು ಓದುವುದು ಇಂಗ್ಲಿಷ್, ಕಾರ್ಯದರ್ಶಿಗಳು ಓದುವುದು ಇಂಗ್ಲಿಷ್. ಆದರೆ ಗ್ರಾಮ ಪಂಚಾಯಿತಿ ಅಧ್ಯಕ್ಷೆ ಓದುವುದು ಕನ್ನಡ, ಮೇಲೆ ಹೇಳಿದ ಕಾರ್ಯಕರ್ತೆ ಓದುವುದು ಕನ್ನಡ, ಶಾಸಕರಲ್ಲಿ ಬಹುಪಾಲು ಜನ ನಿರಾಳವಾಗಿ ಓದುವುದೂ ಕನ್ನಡವೇ. 2024ರ ಜೂನ್ ಕೊನೆಯಲ್ಲಿ ರಾಜ್ಯ ಸರ್ಕಾರ ಆ್ಯಪ್ ಮೂಲಕ ಕೆಲಸ ಮಾಡುವ ಗಿಗ್ ಕಾರ್ಮಿಕರ ಮಸೂದೆಯ ಕರಡು ಪ್ರಕಟಿಸಿ ಅಭಿಪ್ರಾಯ ಕೇಳಿತ್ತು. ಊಟ ತಂದುಕೊಡುವ ಒಬ್ಬ ಹುಡುಗನಿಗೆ ನಮ್ಮ ಇಂಗ್ಲಿಷ್ ಟಿಪ್ಪಣಿ ತೋರಿಸಿದೆ. ಅವನು ಫೋನಿನಲ್ಲಿ ಮೇಲೆ ಕೆಳಗೆ ಜರುಗಿಸಿ, “ಸರ್, ಇದರಲ್ಲಿ ನಮ್ಮ ಐಡಿ ಬ್ಲಾಕ್ ಮಾಡೋದ್ರ ಬಗ್ಗೆ ಏನಾದ್ರೂ ಇದೆಯಾ?” ಎಂದು ಕೇಳಿದ. ಇತ್ತು, ಹದಿನೇಳನೇ ಪುಟದಲ್ಲಿ. ಅವನಿಗೆ ಬೇಕಾಗಿದ್ದು ಆ ಒಂದೇ ಪುಟ, ಅವನ ಭಾಷೆಯಲ್ಲಿ.

ಈಗ ಪ್ರತಿ ವರದಿಗೂ ನಾಲ್ಕು ಪುಟದ ಕನ್ನಡ ಪ್ರತಿ ಮಾಡುತ್ತೇವೆ. ಅನುವಾದ ಮಾಡಿಸಿದರೆ ಯಾರೂ ಓದಲಾರದ ಕನ್ನಡ ಬರುತ್ತದೆ. ಹಾಗಾಗಿ ಊರಿಗೆ ಹೋಗಿ ಬಂದವರೇ ಕೂತು ಮೊದಲಿನಿಂದ ಬರೆಯುತ್ತಾರೆ.

ಈ ಕೆಲಸಕ್ಕೆ ಏನು ಓದಿರಬೇಕು? ಸಂಬಳ ಹೇಗೆ?

ಅರ್ಥಶಾಸ್ತ್ರ, ಕಾನೂನು, ಸಂಖ್ಯಾಶಾಸ್ತ್ರ ಓದಿದವರು ಜಾಸ್ತಿ ಬರುತ್ತಾರೆ. ಎಂಜಿನಿಯರ್‌ಗಳೂ ಬರುತ್ತಾರೆ, ಬೆಂಗಳೂರಲ್ವಾ. ಎಕ್ಸೆಲ್ ಬರಬೇಕು, ಸರ್ಕಾರಿ ಆದೇಶದ ಕನ್ನಡ ಅರ್ಥವಾಗಬೇಕು, ಬೇರೆಯವರ ಜಗಲಿಯಲ್ಲಿ ಕೂತು ಅವರು ಹೇಳಿದ್ದನ್ನು ಮಧ್ಯೆ ಬಾಯಿ ಹಾಕದೆ ಕೇಳಲು ಬರಬೇಕು. ಮೂರನೆಯದು ಇರುವವರು ಸಿಗುವುದು ಕಷ್ಟ. ಸಂಬಳ ಐಟಿಯವರಿಗೆ ಹೇಳುವ ಹಾಗಿಲ್ಲ.

ನಮ್ಮೂರಿನ ಸಮಸ್ಯೆ ನಿಮಗೆ ಹೇಳಿದ್ರೆ ಬಗೆಹರಿಸ್ತೀರಾ?

ಇಲ್ಲ. ನಮಗೆ ಅಧಿಕಾರ ಇಲ್ಲ, ದುಡ್ಡೂ ಇಲ್ಲ. ಆ ತಕ್ಕಡಿಯ ಕೊಕ್ಕೆ ಕೂಡ ನಮ್ಮ ವರದಿಯಿಂದ ಬರಲಿಲ್ಲ. ಮಗುವಿನ ತಾಯಿಯೊಬ್ಬರು ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಿದರಂತೆ, ಪಂಚಾಯಿತಿ ಸದಸ್ಯರೊಬ್ಬರು ಪೇಟೆಯಿಂದ ತಂದು ಹಾಕಿಸಿದರಂತೆ. ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ, ಆ ಕಾರ್ಯಕರ್ತೆ ಯುಗಾದಿ ಶುಭಾಶಯದ ಜೊತೆ ಫೋಟೋ ಕಳಿಸಿದಾಗ. ಫಾರಂ ಮಾತ್ರ ಹಾಗೇ ಇದೆ.

ನೀವೇ ಮಾಡಬಹುದಾದದ್ದು ಇದೆ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟರೆ ಸಾಕು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ‘ಯಾಕೆ ಕೆಲಸ ಆಗಿಲ್ಲ’ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ‘ಈ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲಿನ ಪ್ರತಿ ಕೊಡಿ’ ಅಂತ ಕೇಳಿ. 30 ದಿನದ ಒಳಗೆ ಕೊಡಬೇಕು, ಪುಟಕ್ಕೆ 2 ರೂಪಾಯಿ. ಬಂದದ್ದನ್ನು ಗ್ರಾಮ ಸಭೆಗೆ ತಗೊಂಡು ಹೋಗಿ ಓದಿ. ಅಂಥದ್ದನ್ನು ಒಟ್ಟುಮಾಡಿ ನೋಡುವ ಯಾವುದಾದರೂ ಸಂಸ್ಥೆಗೂ ಒಂದು ಜೆರಾಕ್ಸ್ ಕಳಿಸಿ. ಅಳತೆ ಪುಸ್ತಕ ನಮ್ಮ ಕೈಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.